ಮರಳುಗಲ್ಲಿನಲ್ಲಿ ಎಣ್ಣೆ, ಎಣ್ಣೆಯ ಅಂಚಿನಲ್ಲಿ ಲೋಹ

ಮರಳುಗಲ್ಲು ಹೊರಗೆ ಗಟ್ಟಿ, ಒಳಗೆ ಜಾಳು. ನದಿ, ಗಾಳಿ, ಕಡಲಲೆಗಳು ತಂದು ಸುರಿದ ಮರಳಿನ ಕಣಗಳು ಒಂದರ ಮೇಲೊಂದು ಕೂತು, ಸಿಲಿಕವೋ ಸುಣ್ಣವೋ ಅಂಟಿನಂತೆ ಬೆಸೆದು, ಕಾಲಾಂತರದಲ್ಲಿ ಕಲ್ಲಾಗುತ್ತವೆ. ಕಣಗಳು ಎಷ್ಟೇ ಒತ್ತಾಗಿ ಕೂತರೂ ನಡುವೆ ಸಂದು ಉಳಿದೇ ಉಳಿಯುತ್ತದೆ. ಒಳ್ಳೆಯ ಮರಳುಗಲ್ಲಿನ ಗಾತ್ರದಲ್ಲಿ ಶೇಕಡ 15ರಿಂದ 25ರಷ್ಟು ಬರೀ ಸಂದುಗಳೇ ಇರುವುದುಂಟು. ಈ ಸಂದುಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ ಕಲ್ಲೇ ದಾರಿಯಾಗುತ್ತದೆ. ಆ ದಾರಿಯಲ್ಲಿ ನೀರು, ಎಣ್ಣೆ, ಅನಿಲ ಮೂರೂ ಸಾಗುತ್ತವೆ. ನೀರಿನಲ್ಲಿ ಕರಗಿದ ಲೋಹಗಳೂ ಅದೇ ದಾರಿ ಹಿಡಿಯುತ್ತವೆ.

ಇಂಥ ಕಲ್ಲಿನ ಪದರಗಳು ದಪ್ಪವಾಗಿ ಸಿಗುವುದು ಬೇಸಿನ್‌ಗಳಲ್ಲಿ. ಭೂಮಿಯ ಹೊರಪದರ ಕೋಟ್ಯಂತರ ವರ್ಷ ನಿಧಾನವಾಗಿ ಕುಸಿಯುತ್ತ, ಕುಸಿದಷ್ಟೂ ಹೂಳು ತುಂಬುತ್ತ ಬಂದ ವಿಶಾಲ ತಗ್ಗುಗಳಿಗೆ ಭೂವಿಜ್ಞಾನಿಗಳು ಕೊಟ್ಟ ಹೆಸರದು. ಹೂಳಿನ ದಪ್ಪ ಹಲವು ಕಿಲೋಮೀಟರ್ ಇರಬಹುದು. ಅಡಿಯಲ್ಲಿ ಹೂತ ಜೀವಿಗಳ ಅವಶೇಷ ಭೂಶಾಖಕ್ಕೆ ಬೆಂದು ಎಣ್ಣೆಯೂ ಅನಿಲವೂ ಆಗಿ, ನೀರಿಗಿಂತ ಹಗುರವಾದ್ದರಿಂದ ಮೇಲಕ್ಕೇರುತ್ತವೆ. ಮೇಲೆ ಜೇಡಿಪದರ ಮುಚ್ಚಳ ಹಾಕಿದ್ದರೆ ಅದರಡಿಯ ಮರಳುಗಲ್ಲಿನಲ್ಲಿ ತಂಗುತ್ತವೆ. ತೈಲಕ್ಷೇತ್ರ ಹುಟ್ಟುವ ಬಗೆ ಇದು. ಅದೇ ಎಣ್ಣೆ, ಅದೇ ಅನಿಲ ತಾವು ಮುಟ್ಟಿದ ಜಾಗದಲ್ಲಿ ಯುರೇನಿಯಂ, ತಾಮ್ರ, ಸೀಸ, ಸತುಗಳನ್ನು ಹಿಡಿದು ನಿಲ್ಲಿಸುತ್ತವೆ ಎಂಬುದು ತೈಲ ಮತ್ತು ಅದಿರುಗಳ ಶೋಧಗಳು ಬೇರೆಬೇರೆಯಾಗಿ ನಡೆಯುತ್ತಿದ್ದ ಕಾಲದಲ್ಲಿ ಅಷ್ಟಾಗಿ ಗಮನಕ್ಕೆ ಬಂದಿರಲಿಲ್ಲ.

ಕರಗುವ ಲೋಹ, ತಂಗುವ ಲೋಹ

ಯಾವ ಕಲ್ಲಿನಲ್ಲೂ ಲೋಹಗಳು ಚೂರುಪಾರು ಇದ್ದೇ ಇರುತ್ತವೆ. ಭೂಮಿಯ ಹೊರಪದರದ ಒಂದು ಟನ್ ಕಲ್ಲಿನಲ್ಲಿ ಸರಾಸರಿ 3 ಗ್ರಾಂ ಆಸುಪಾಸು ಯುರೇನಿಯಂ ಇದೆ. ಅಮೆರಿಕದ ಕೊಲರಾಡೊ ಪ್ರಸ್ಥಭೂಮಿಯ ಮರಳುಗಲ್ಲಿನಿಂದ ಅಗೆದ ಅದಿರಿನಲ್ಲಿ ಟನ್ನಿಗೆ ಒಂದೆರಡು ಕಿಲೋ ಇರುತ್ತಿತ್ತು. ನೂರಾರು ಪಟ್ಟು ಹೀಗೆ ಒಟ್ಟುಗೂಡಬೇಕಾದರೆ ಎರಡು ಕೆಲಸ ಆಗಬೇಕು: ದೊಡ್ಡ ಪ್ರದೇಶದ ಕಲ್ಲುಗಳಿಂದ ಲೋಹ ಕರಗಿ ನೀರಿಗಿಳಿಯಬೇಕು, ಆ ನೀರು ಯಾವುದೋ ಒಂದು ಜಾಗದಲ್ಲಿ ಹೊತ್ತ ಹೊರೆಯನ್ನು ಇಳಿಸಬೇಕು.

ಮಳೆನೀರು ಗಾಳಿಯ ಆಕ್ಸಿಜನ್ನನ್ನು ಕರಗಿಸಿಕೊಂಡು ನೆಲಕ್ಕಿಳಿಯುತ್ತದೆ. ಅಂಥ ನೀರಿನಲ್ಲಿ ಯುರೇನಿಯಂ ಪರಮಾಣು ಆರು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿದ್ದು, ಕಾರ್ಬೊನೇಟ್ ಜೊತೆ ಸೇರಿ ಸಲೀಸಾಗಿ ಕರಗುತ್ತದೆ. ಎರಡು ಎಲೆಕ್ಟ್ರಾನ್ ಮರಳಿ ಸಿಕ್ಕಿದರೆ ಸಾಕು, ಅದು ಕರಗದ ಕಪ್ಪು ಖನಿಜವಾಗಿ ಕಣಗಳ ಸಂದಿನಲ್ಲಿ ಕೂತುಬಿಡುತ್ತದೆ. ಎಲೆಕ್ಟ್ರಾನ್ ಕಳೆದುಕೊಳ್ಳುವುದು ಉತ್ಕರ್ಷಣ, ಮರಳಿ ಪಡೆಯುವುದು ಅಪಕರ್ಷಣ. ತಾಮ್ರ, ಸೀಸ, ಸತುಗಳ ದಾರಿ ತುಸು ಬೇರೆ. ಅವು ಬೇಸಿನ್ನಿನ ಆಳದ ಉಪ್ಪುನೀರಿನಲ್ಲಿ ಕ್ಲೋರೈಡಿನ ಜೊತೆಗೂಡಿ ಪಯಣಿಸುತ್ತವೆ. ಸಲ್ಫೈಡ್ ರೂಪದ ಗಂಧಕ ಎದುರಾದ ಕಡೆ ಸಲ್ಫೈಡ್ ಖನಿಜಗಳಾಗಿ ತಂಗುತ್ತವೆ.

ಎಲೆಕ್ಟ್ರಾನ್ ಕೊಡುವುದೂ ಸಲ್ಫೈಡ್ ಒದಗಿಸುವುದೂ ಎರಡೂ ಎಣ್ಣೆಯಿಂದ ಆಗುವ ಕೆಲಸ. ಎಣ್ಣೆ, ಅನಿಲಗಳು ಇಂಗಾಲ ಮತ್ತು ಹೈಡ್ರೋಜನ್ ಸೇರಿ ಆದ ಹೈಡ್ರೋಕಾರ್ಬನ್‌ಗಳು. ಆಕ್ಸಿಜನ್ ಕಂಡಲ್ಲಿ ಹಿಡಿಯುವುದು ಅವುಗಳ ಗುಣ. ಒಲೆಯಲ್ಲಿ ಬೆಂಕಿಯಾಗಿ ಕ್ಷಣದಲ್ಲಿ ಮುಗಿಯುವ ಕೆಲಸ ನೆಲದಾಳದಲ್ಲಿ ಜ್ವಾಲೆಯಿಲ್ಲದೆ ಸಾವಿರಾರು ವರ್ಷ ನಡೆಯುತ್ತದೆ. ಗಾಳಿಯ ಆಕ್ಸಿಜನ್ ಅಲ್ಲಿಲ್ಲ. ಹಾಗಾಗಿ ಕಬ್ಬಿಣದ ಆಕ್ಸೈಡು, ನೀರಿನಲ್ಲಿ ಕರಗಿದ ಸಲ್ಫೇಟು, ಯುರೇನಿಯಂ ಇವೆಲ್ಲ ಆಕ್ಸಿಜನ್ನಿನ ಸ್ಥಾನದಲ್ಲಿ ನಿಂತು ಅಪಕರ್ಷಣಗೊಳ್ಳುತ್ತವೆ. ಬಹಳ ಕಡೆ ಈ ವಿನಿಮಯವನ್ನು ನಡೆಸಿಕೊಡುವವು ಎಣ್ಣೆಯನ್ನೇ ಆಹಾರ ಮಾಡಿಕೊಂಡ ಬ್ಯಾಕ್ಟೀರಿಯಾಗಳು.

ಕೆಂಪು ಕಲ್ಲು ಬಿಳಿಚುವುದು

ಎಣ್ಣೆ ಹಾದುಹೋದ ಮರಳುಗಲ್ಲನ್ನು ಬರಿಗಣ್ಣಿನಿಂದಲೇ ಗುರುತಿಸಬಹುದಾದ ಜಾಗ ಅಮೆರಿಕದ ಯೂಟಾ ರಾಜ್ಯ. ಅಲ್ಲಿನ ನವಾಹೊ ಮರಳುಗಲ್ಲು ಜುರಾಸಿಕ್ ಕಾಲದ ಮರುಭೂಮಿಯ ದಿಬ್ಬಗಳು ಕಲ್ಲಾದದ್ದು. ಹೆಚ್ಚಿನ ಕಡೆ ಅದರ ಬಣ್ಣ ಕೆಂಪು. ಬಾದಾಮಿಯ ಬಂಡೆಗಳನ್ನು ಕಂಡ ಕನ್ನಡಿಗರಿಗೆ ಈ ಕೆಂಪು ಹೊಸದಲ್ಲ. ಎರಡು ಕಡೆಯೂ ಅದು ಕಬ್ಬಿಣದ ಆಕ್ಸೈಡು ಬಳಿದ ಬಣ್ಣ. ಆ ಕಲ್ಲಿನಿಂದ ಒಂದು ಬಿಲ್ಲೆ ಕತ್ತರಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ತೇಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಬೆಳ್ಳನೆಯ ಗಾಜಿನಂಥ ಸ್ಫಟಿಕ ಕಣಗಳು ಕಾಣುತ್ತವೆ. ಪ್ರತಿ ಕಣದ ಸುತ್ತ ಕುಂಕುಮದ ಗೆರೆ ಎಳೆದಂತೆ ಹೆಮಟೈಟ್ ಎಂಬ ಆ ಆಕ್ಸೈಡಿನ ತೆಳು ಲೇಪ. ಇಡೀ ಬೆಟ್ಟವನ್ನು ಕೆಂಪಗೆ ತೋರಿಸುವ ಈ ಲೇಪ ತೂಕದಲ್ಲಿ ಕಲ್ಲಿನ ಶೇಕಡ 1ರ ಆಸುಪಾಸು ಮಾತ್ರ.

ಕೆಲವು ಕಡೆ ಅದೇ ಪದರ ಒಮ್ಮೆಲೇ ಬಿಳಿಚಿಕೊಂಡಿರುತ್ತದೆ. ಕಣ ಅದೇ, ದಿಬ್ಬಗಳ ಓರೆಗೆರೆಗಳೂ ಅವೇ. ಲೇಪ ಮಾತ್ರ ಇಲ್ಲ. ಎಣ್ಣೆ ಅಥವಾ ಮೀಥೇನ್ ಬೆರೆತ ನೀರು ಹೆಮಟೈಟಿನ ಕಬ್ಬಿಣವನ್ನು ಅಪಕರ್ಷಿಸಿ, ಕರಗುವ ರೂಪಕ್ಕೆ ತಂದು, ತೊಳೆದು ಒಯ್ದಿದೆ. ಬಿಳಿಚಿದ ಭಾಗಗಳು ಹೆಚ್ಚಾಗಿ ಕಮಾನಿನಂತೆ ಬಾಗಿದ ಪದರಗಳ ನೆತ್ತಿಯಲ್ಲೂ, ಪದರಗಳು ಮುರಿದು ಜಾರಿದ ಸ್ತರಭಂಗಗಳ ಉದ್ದಕ್ಕೂ ಸಿಗುತ್ತವೆ. ತೈಲ ಸೇರುವ ಜಾಗಗಳೂ ಅವೇ. ಯೂಟಾ ವಿಶ್ವವಿದ್ಯಾಲಯದ ಮಾರ್ಜರಿ ಚಾನ್ ಮತ್ತು ಸಂಗಡಿಗರು 2003ರಲ್ಲಿ ಈ ಬಿಳಿಚಿದ ನೆತ್ತಿಗಳು ಸವೆದು ಬಯಲಾದ ಹಳೆಯ ದೈತ್ಯ ತೈಲಾಶಯಗಳ ಗುರುತಿರಬಹುದು ಎಂಬ ವಾದ ಮುಂದಿಟ್ಟರು. ಇಂಗಾಲದ ಡೈಆಕ್ಸೈಡ್ ಬೆರೆತ ನೀರಿಗೆ ಹೆಚ್ಚಿನ ಪಾತ್ರ ಕೊಡುವ ಭೂವಿಜ್ಞಾನಿಗಳೂ ಇದ್ದಾರೆ. ಕಬ್ಬಿಣವನ್ನು ಕರಗಿಸಿದ್ದು ಅಪಕರ್ಷಕ ದ್ರವ ಎಂಬುದನ್ನು ಎರಡು ಕಡೆಯವರೂ ಒಪ್ಪುತ್ತಾರೆ.

ತೊಳೆದುಹೋದ ಕಬ್ಬಿಣ ಎಲ್ಲೋ ಒಂದು ಕಡೆ ತಂಗಲೇಬೇಕು. ಆಕ್ಸಿಜನ್ ಇರುವ ನೀರು ಎದುರಾದಲ್ಲಿ ಅದು ಮತ್ತೆ ಆಕ್ಸೈಡಾಗಿ, ಬಟಾಣಿಯಿಂದ ನಿಂಬೆಹಣ್ಣಿನ ಗಾತ್ರದವರೆಗಿನ ಕಂದುಗಪ್ಪು ಗುಂಡುಗಳಾಗಿ ಕಟ್ಟಿದೆ. ಒಡೆದು ನೋಡಿದರೆ ಗಟ್ಟಿ ಕಬ್ಬಿಣದ ಚಿಪ್ಪಿನೊಳಗೆ ಮಾಸಲು ಮರಳು. 2004ರಲ್ಲಿ ಆಪರ್ಚುನಿಟಿ ರೋವರ್ ಮಂಗಳ ಗ್ರಹದ ನೆಲದಲ್ಲಿ ಹೆಮಟೈಟಿನ ಪುಟ್ಟ ಗುಂಡುಗಳನ್ನು ಕಂಡಾಗ, ಚಾನ್ ಅವರ ತಂಡ ಯೂಟಾದ ಗುಂಡುಗಳನ್ನು ಅವುಗಳಿಗೆ ಹೋಲಿಸಿ ಮಂಗಳದಲ್ಲೂ ಒಮ್ಮೆ ಅಂತರ್ಜಲ ಹರಿದಿತ್ತು ಎಂಬ ವಾದಕ್ಕೆ ಬಲ ಕೊಟ್ಟಿತು.

ಕಬ್ಬಿಣದ ಲೇಪ ಕರಗುವಾಗ ಅದಕ್ಕೆ ಅಂಟಿಕೊಂಡಿದ್ದ ತಾಮ್ರದಂಥ ಲೋಹಗಳೂ ನೀರಿಗಿಳಿಯುತ್ತವೆ. ಹಾಗಾಗಿ ಬಿಳಿಚಿದ ಕಲ್ಲು ಎರಡು ಸುದ್ದಿ ಹೇಳುತ್ತದೆ: ಇಲ್ಲಿ ಎಣ್ಣೆಯೋ ಅನಿಲವೋ ಹಾದುಹೋಗಿದೆ, ಇಲ್ಲಿಂದ ಲೋಹ ಹೊರಟುಹೋಗಿದೆ. ಅದು ತಂಗಿದ ಜಾಗವನ್ನು ಕೆಂಪು, ಬಿಳುಪು, ಬೂದುಬಣ್ಣಗಳು ಸೇರುವ ಗಡಿಯಲ್ಲಿ ಹುಡುಕಬೇಕು.

ಲಿಸ್ಬನ್ ಕಣಿವೆ

ಯೂಟಾದ ಆಗ್ನೇಯ ಮೂಲೆಯ ಲಿಸ್ಬನ್ ಕಣಿವೆ ಎಣ್ಣೆ, ಯುರೇನಿಯಂ, ತಾಮ್ರ ಮೂರೂ ಒಂದೇ ಕಡೆ ಸಿಕ್ಕ ಜಾಗ. ಅದು ಪ್ಯಾರಡಾಕ್ಸ್ ಎಂಬ ಬೇಸಿನ್ನಿಗೆ ಸೇರಿದೆ. ಸುಮಾರು 30 ಕೋಟಿ ವರ್ಷಗಳ ಹಿಂದೆ ಅಲ್ಲಿನ ಕಡಲು ಮತ್ತೆ ಮತ್ತೆ ಒಣಗಿ ದಪ್ಪನೆಯ ಉಪ್ಪಿನ ಪದರಗಳು ಉಳಿದವು. ಉಪ್ಪಿನ ನಡುನಡುವೆ ಕಪ್ಪು ಜೇಡಿಪದರಗಳು. ಮೇಲಿನ ಹೂಳಿನ ಭಾರಕ್ಕೆ ಉಪ್ಪು ಹಿಂಡಿದ ಹಿಟ್ಟಿನಂತೆ ಉಬ್ಬಿ, ಪದರಗಳನ್ನು ಕಮಾನಾಗಿ ಎತ್ತಿತು, ಒಡೆಯಿತು. ಉಪ್ಪು ಕರಗಿದಾಗ ಲೋಹ ಹೊರುವ ಉಪ್ಪುನೀರು ಸಿದ್ಧವಾಯಿತು. ಕಪ್ಪು ಜೇಡಿ ಬೆಂದು ಎಣ್ಣೆಯಾಯಿತು. ಸ್ತರಭಂಗಗಳು ಎರಡಕ್ಕೂ ಮೇಲೇರುವ ಓಣಿಗಳಾದವು.

1952ರಲ್ಲಿ ಚಾರ್ಲಿ ಸ್ಟೀನ್ ಎಂಬ ಭೂವಿಜ್ಞಾನಿ ಇಲ್ಲಿ ಕೊರೆದ. ತೈಲ ಶೋಧದಲ್ಲಿ ಪಳಗಿದ್ದ ಅವನಿಗೆ, ಎಣ್ಣೆಯಂತೆ ಯುರೇನಿಯಂ ಕೂಡ ಕಮಾನು ಮಡಿಕೆಗಳಲ್ಲಿ ಸೇರಬಹುದು ಎಂಬ ನಂಬಿಕೆ ಇತ್ತು. ಅಮೆರಿಕದ ಪರಮಾಣು ಶಕ್ತಿ ಆಯೋಗದ ತಜ್ಞರು ಅದನ್ನು ಒಪ್ಪಿರಲಿಲ್ಲ. ಕೊರೆದು ತೆಗೆದ ಕಲ್ಲಿನ ಕಂಬದಲ್ಲಿ ಅವನು ಎದುರುನೋಡಿದ್ದ ಹಳದಿ ಯುರೇನಿಯಂ ಖನಿಜ ಕಾರ್ನೊಟೈಟ್ ಇರಲಿಲ್ಲ, ಕಪ್ಪನೆಯ ಏನೋ ಇತ್ತು. ಅದೇನೆಂದು ಅವನಿಗೂ ಹೊಳೆಯಲಿಲ್ಲ. ಸಿಸ್ಕೊ ಎಂಬ ಊರಿನಲ್ಲಿ ಬೇರೆಯವರ ಬಳಿಯಿದ್ದ, ವಿಕಿರಣ ಅಳೆಯುವ ಗೈಗರ್ ಮಾಪಕಕ್ಕೆ ಅದರ ತುಂಡು ಹಿಡಿದಾಗ ಮುಳ್ಳು ಕೊನೆಗೆ ಹೋಗಿ ಬಡಿಯಿತು. ಅದು ಅಪಕರ್ಷಣಗೊಂಡ ಯುರೇನಿಯಂ ಆಕ್ಸೈಡು. ಆ ಗಣಿಗೆ ಸ್ಟೀನ್ ಇಟ್ಟ ಹೆಸರು ಮಿ ವಿದಾ. ಮುಂದೆ ಲಿಸ್ಬನ್ ಕಣಿವೆ ಯೂಟಾದಲ್ಲೇ ಅತಿ ಹೆಚ್ಚು ಯುರೇನಿಯಂ ಕೊಟ್ಟ ಪ್ರದೇಶವಾಯಿತು.

1960ರಲ್ಲಿ ಇದೇ ಕಮಾನಿನ ಆಳದ ಸುಣ್ಣಕಲ್ಲಿನಲ್ಲಿ ಲಿಸ್ಬನ್ ತೈಲಕ್ಷೇತ್ರ ಸಿಕ್ಕಿತು. ಕಣಿವೆಯ ಸ್ತರಭಂಗದ ಮಗ್ಗುಲಲ್ಲಿ, ಮೇಲಿನ ಕ್ರಿಟೇಶಿಯಸ್ ಕಾಲದ ಮರಳುಗಲ್ಲಿನ ಸಂದುಗಳಲ್ಲಿ ತಾಮ್ರದ ಸಲ್ಫೈಡ್ ತುಂಬಿದೆ. ಆ ತಾಮ್ರಕ್ಕಾಗಿ ಅಲ್ಲಿ ತೆರೆದ ಗಣಿಗಳನ್ನು ತೋಡಿದ್ದಾರೆ. ಕೆಂಪು ಕಲ್ಲಿನಿಂದ ತಾಮ್ರ ಹೊತ್ತ ಉಪ್ಪುನೀರು ಸ್ತರಭಂಗದ ಗುಂಟ ಏರಿ, ಹೈಡ್ರೋಕಾರ್ಬನ್ ತುಂಬಿದ್ದ ಮರಳುಗಲ್ಲಿನಲ್ಲಿ ತಾಮ್ರವನ್ನು ಇಳಿಸಿತು ಎಂಬುದು ಅಲ್ಲಿ ಕೆಲಸ ಮಾಡಿದ ಭೂವಿಜ್ಞಾನಿಗಳ ವಿವರಣೆ. ಇದೇ ರಾಜ್ಯದ ಟೆಂಪಲ್ ಮೌಂಟನ್‌ನಲ್ಲಿ ಎಣ್ಣೆಗೂ ಯುರೇನಿಯಂಗೂ ನೇರ ನಂಟೇ ಕಾಣಸಿಗುತ್ತದೆ. ಅಲ್ಲಿ ಯುರೇನಿಯಂ ಇರುವುದು ಡಾಂಬರಿನಂಥ ಗಟ್ಟಿ ಕಪ್ಪು ಮುದ್ದೆಗಳಲ್ಲಿ. ಯುರೇನಿಯಮಿನ ವಿಕಿರಣ ಹೈಡ್ರೋಕಾರ್ಬನ್ನಿನ ಅಣುಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡುತ್ತದೆ. ಹಾಗೆ ಗಟ್ಟಿಯಾದದ್ದು ತನ್ನ ಯುರೇನಿಯಮನ್ನು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುತ್ತದೆ.

ಗಂಧಕ ಎಲ್ಲಿಂದ ಬರುತ್ತದೆ

ತಾಮ್ರ, ಸೀಸ, ಸತುಗಳಿಗೆ ಸಲ್ಫೈಡ್ ಬೇಕು. ಬೇಸಿನ್ನುಗಳಲ್ಲಿ ಗಂಧಕ ಹೆಚ್ಚಾಗಿ ಸಲ್ಫೇಟಾಗಿ, ಅಂದರೆ ಜಿಪ್ಸಮ್ಮಿನಲ್ಲೋ ಉಪ್ಪುನೀರಿನಲ್ಲೋ ಇರುತ್ತದೆ. ಎಣ್ಣೆ ಅದನ್ನು ಹೈಡ್ರೋಜನ್ ಸಲ್ಫೈಡಿಗೆ ಇಳಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಹುಟ್ಟುವುದು ಎರಡು ಬಗೆಯಲ್ಲಿ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ಕಡೆ ಬ್ಯಾಕ್ಟೀರಿಯಾಗಳು ಇದನ್ನು ಮಾಡುತ್ತವೆ; 100 ಡಿಗ್ರಿ ದಾಟಿದ ಆಳದಲ್ಲಿ ಶಾಖವೇ ಮಾಡುತ್ತದೆ. ಬ್ಯಾಕ್ಟೀರಿಯಾಗಳು ಗಂಧಕದ ಹಗುರ ಐಸೋಟೋಪನ್ನು ಆರಿಸಿಕೊಳ್ಳುವುದರಿಂದ, ಅದಿರಿನ ಗಂಧಕವನ್ನು ಅಳೆದು ಯಾವ ಬಗೆಯಲ್ಲಿ ಹುಟ್ಟಿತೆಂದು ಹೇಳಬಹುದು.

ಚೀನಾದ ಯುನ್ನಾನ್ ಪ್ರಾಂತದ ಜಿನ್‌ಡಿಂಗ್ ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿ ಸುಮಾರು 20 ಕೋಟಿ ಟನ್ ಅದಿರಿದ್ದು, ಅದರಲ್ಲಿ ಶೇಕಡ 6ರಷ್ಟು ಸತು, ಶೇಕಡ 1.3ರಷ್ಟು ಸೀಸ ಇದೆ. ಗುಮ್ಮಟದಂತೆ ಎದ್ದ ಪದರಗಳ ಮರಳುಗಲ್ಲಿನಲ್ಲಿ ಅದಿರಿನ ಜೊತೆಗೆ ಡಾಂಬರಿನಂಥ ಬಿಟುಮೆನ್, ಮಂದ ಎಣ್ಣೆ ಇಂದಿಗೂ ಸಿಗುತ್ತವೆ. ಗುಮ್ಮಟದಲ್ಲಿ ಮೊದಲು ಎಣ್ಣೆ, ಅನಿಲ ಸೇರಿದ್ದವು; ಅವುಗಳ ನೆರವಿನಿಂದ ಜಿಪ್ಸಮ್ಮಿನ ಗಂಧಕ ಸಲ್ಫೈಡಾಗಿ ಕಾದಿತ್ತು; ಆಮೇಲೆ ಬಂದ ಲೋಹದ ನೀರು ಅದಕ್ಕೆ ಸಿಕ್ಕಿಬಿತ್ತು.

ಕಜಕಸ್ತಾನದ ಜೆಜ್ಕಜ್ಗನ್‌ನಲ್ಲಿ ಕೆಂಪು, ಬೂದು ಮರಳುಗಲ್ಲುಗಳು ಒಂದರ ಮೇಲೊಂದು ಪೇರಿಕೊಂಡಿವೆ. ತಾಮ್ರ ಇರುವುದು ಬೂದು ಪದರಗಳಲ್ಲಿ. ಕೆಂಪು ಪದರಗಳು ಬರಡು. ಕಳೆದ ಶತಮಾನದ 20ರ ದಶಕದಿಂದ ಇಲ್ಲಿ ಶೋಧ ನಡೆಸಿದ ಕಜಕ್ ಭೂವಿಜ್ಞಾನಿ ಕನಿಶ್ ಸತ್ಪಾಯೆವ್ ನಿಕ್ಷೇಪದ ನಿಜವಾದ ವಿಸ್ತಾರವನ್ನು ತೋರಿಸಿಕೊಟ್ಟರು. ಪಕ್ಕದ ನಗರಕ್ಕೆ ಅವರದೇ ಹೆಸರಿದೆ. ಬೂದು ಪದರಗಳು ಹುಟ್ಟಿನಿಂದಲೇ ಬೂದಾಗಿದ್ದವಲ್ಲ, ಎಣ್ಣೆ, ಅನಿಲ ಹೊಕ್ಕು ಹಾಗಾದವು ಎಂಬುದು ಇತ್ತೀಚಿನ ಅಧ್ಯಯನಗಳ ನಿಲುವು. ಸ್ವೀಡನ್ನಿನ ಲೈಸ್ವಾಲ್‌ನಲ್ಲಿ 1943ರಿಂದ 2001ರವರೆಗೆ ಮರಳುಗಲ್ಲಿನಿಂದ ಸೀಸ ತೆಗೆದರು. ಅಲ್ಲಿನ ಅದಿರಿನ ತುಂಡಿನಲ್ಲಿ ಮರಳಿನ ಕಣಗಳನ್ನು ಬೆಸೆದಿರುವ ಅಂಟೇ ಗಲೀನ ಎಂಬ ಹೊಳೆಯುವ ಸೀಸದ ಸಲ್ಫೈಡ್.

ಯುರೇನಿಯಮಿನ ಸುರುಳಿ

ಮರಳುಗಲ್ಲಿನ ಯುರೇನಿಯಂ ಅನೇಕ ಕಡೆ ಬಿದಿಗೆ ಚಂದ್ರನ ಆಕಾರದ ಸುರುಳಿಯಾಗಿ ಕಟ್ಟಿರುತ್ತದೆ. ಒಂದು ಕಡೆಯಿಂದ ಆಕ್ಸಿಜನ್ ಹೊತ್ತ ನೀರು ಹರಿದುಬಂದು ಕಲ್ಲನ್ನು ಹಳದಿ, ಕೆಂಪು ಮಾಡುತ್ತದೆ. ಎದುರಿನ ಕಲ್ಲು ಪೈರೈಟ್ ಎಂಬ ಕಬ್ಬಿಣದ ಸಲ್ಫೈಡಿನಿಂದ ಬೂದಾಗಿರುತ್ತದೆ. ಎರಡರ ನಡುವಿನ ಗಡಿಯಲ್ಲಿ ಯುರೇನಿಯಂ ಕೂರುತ್ತದೆ. ನೀರು ಮುಂದೊತ್ತಿದಂತೆ ಹಿಂಬದಿಯ ಯುರೇನಿಯಂ ಮತ್ತೆ ಕರಗಿ ಮುಂಬದಿಯಲ್ಲಿ ಕೂರುತ್ತದೆ. ಉಬ್ಬರದ ಅಲೆ ಕಸಕಡ್ಡಿಯನ್ನು ಒಟ್ಟು ಮಾಡುತ್ತ ದಡಕ್ಕೆ ತಳ್ಳುವಂತೆ ಈ ಗಡಿ ಲೋಹವನ್ನು ಒಟ್ಟು ಮಾಡುತ್ತ ಸಾಗುತ್ತದೆ.

ಗಡಿ ನಿಲ್ಲಬೇಕಾದರೆ ಅಪಕರ್ಷಕ ಬೇಕು. ದಕ್ಷಿಣ ಟೆಕ್ಸಸ್‌ನ ಕೆಲವು ಮರಳುಪದರಗಳಲ್ಲಿ ಅದಕ್ಕೆ ಬೇಕಾದಷ್ಟು ಗಿಡಮರಗಳ ಅವಶೇಷ ಇರಲಿಲ್ಲ. ಆಳದ ತೈಲಾಶಯಗಳಿಂದ ಸ್ತರಭಂಗಗಳ ಗುಂಟ ಸೋರಿದ ಹೈಡ್ರೋಜನ್ ಸಲ್ಫೈಡ್ ಅಲ್ಲಿ ಪೈರೈಟ್ ಹುಟ್ಟಿಸಿತು. ಯುರೇನಿಯಂ ಬಂದು ಆ ಪೈರೈಟಿನ ಬಳಿ ನಿಂತಿತು. ಅಲ್ಲಿನ ಯುರೇನಿಯಂ 1954ರಲ್ಲಿ ಪತ್ತೆಯಾದದ್ದೂ ತೈಲಕ್ಕಾಗಿ ವಿಮಾನದಿಂದ ನಡೆಸಿದ ವಿಕಿರಣ ಸಮೀಕ್ಷೆಯಲ್ಲಿ. ಚೀನಾದ ಓರ್ಡೊಸ್ ಬೇಸಿನ್ನಿನಲ್ಲಿ ಎಣ್ಣೆ, ಅನಿಲ, ಕಲ್ಲಿದ್ದಲು, ಯುರೇನಿಯಂ ನಾಲ್ಕೂ ಇವೆ. ಅದರ ಡಾಂಗ್‌ಶೆಂಗ್ ನಿಕ್ಷೇಪದ ಜುರಾಸಿಕ್ ಮರಳುಗಲ್ಲು, ಕೆಳಗಿನಿಂದ ಬಂದ ಅನಿಲದ ಪ್ರಭಾವಕ್ಕೆ ಹಸಿರು ಛಾಯೆ ಪಡೆದಿದೆ. ಜಗತ್ತಿನ ಯುರೇನಿಯಂ ಉತ್ಪಾದನೆಯಲ್ಲಿ ಸುಮಾರು ಶೇಕಡ 40ರಷ್ಟು ಕೊಡುವ ಕಜಕಸ್ತಾನದ ಮುಖ್ಯ ಗಣಿಗಳೂ ಅನಿಲಕ್ಷೇತ್ರಗಳಿರುವ ಚು-ಸರಿಸು ಬೇಸಿನ್ನಿನ ಮರಳಿನಲ್ಲಿವೆ.

ಎಣ್ಣೆಯೊಳಗಿನ ಲೋಹ

ಎಣ್ಣೆ ತಾನೂ ಲೋಹ ಹೊತ್ತಿರುತ್ತದೆ. ಮುಖ್ಯವಾಗಿ ವೆನೇಡಿಯಂ ಮತ್ತು ನಿಕ್ಕಲ್. 1934ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಆಲ್ಫ್ರೆಡ್ ಟ್ರೈಬ್ಸ್ ಎಣ್ಣೆಯಲ್ಲಿ ಪಾರ್ಫಿರಿನ್ ಅಣುಗಳನ್ನು ಕಂಡುಹಿಡಿದರು. ಎಲೆಯ ಹರಿತ್ತಿನಲ್ಲಿ ಮೆಗ್ನೀಸಿಯಂ ಕೂತಿರುವ ಉಂಗುರದಂಥ ರಚನೆಯೇ ಇವುಗಳಲ್ಲೂ ಇದೆ. ಮೆಗ್ನೀಸಿಯಂ ಬಿಟ್ಟುಹೋದ ಜಾಗದಲ್ಲಿ ವೆನೇಡಿಯಂ ಅಥವಾ ನಿಕ್ಕಲ್ ಬಂದು ಕೂತಿದೆ. ಎಣ್ಣೆ ಜೀವಿಗಳಿಂದ ಹುಟ್ಟಿದ್ದು ಎಂಬುದಕ್ಕೆ ಇದು ದೊಡ್ಡ ಸಾಕ್ಷಿಯಾಯಿತು. ಕೆನಡಾದ ಅಥಾಬಾಸ್ಕಾ ಮರಳಿನ ಬಿಟುಮೆನ್ ಒಂದು ಕಿಲೋಗೆ ಸುಮಾರು 200 ಮಿಲಿಗ್ರಾಂ ವೆನೇಡಿಯಂ ಹೊಂದಿದೆ. ವೆನೆಜುವೆಲಾದ ಬೊಸ್ಕಾನ್ ಎಣ್ಣೆಯಲ್ಲಿ ಅದು 1,000 ಮಿಲಿಗ್ರಾಂ ದಾಟುತ್ತದೆ. ಸಂಸ್ಕರಣಾಗಾರಗಳಲ್ಲಿ ಈ ಲೋಹಗಳು ವೇಗವರ್ಧಕಗಳನ್ನು ಕೆಡಿಸುತ್ತವೆ. ಕೆಟ್ಟ ವೇಗವರ್ಧಕ ಮತ್ತು ಎಣ್ಣೆ ಉರಿದ ಬೂದಿಯಿಂದ ವೆನೇಡಿಯಂ ಮರಳಿ ತೆಗೆಯುವುದೂ ಉಂಟು. ಅಥಾಬಾಸ್ಕಾದ ಮರಳಿನಲ್ಲಿ ಜಿರ್ಕಾನ್, ಟೈಟೇನಿಯಂ ಖನಿಜಗಳೂ ಇವೆ. ಅವು ಎಣ್ಣೆ ಬರುವ ಮೊದಲೇ ನದಿ ತಂದು ಹಾಕಿದ ಭಾರದ ಕಣಗಳು.

ಎಣ್ಣೆ ಇಲ್ಲದೆಯೂ ಅದಿರು

ಮರಳುಗಲ್ಲಿನಲ್ಲಿ ಲೋಹ ಕಂಡ ಕಡೆಯೆಲ್ಲ ಎಣ್ಣೆಯೇ ಕಾರಣ ಎನ್ನುವಂತಿಲ್ಲ. ಕೊಲರಾಡೊ ಪ್ರಸ್ಥಭೂಮಿಯಲ್ಲೇ ಹೂತ ಮರದ ದಿಮ್ಮಿಗಳು ಇಡಿಯಾಗಿ ಯುರೇನಿಯಂ ಅದಿರಾಗಿ ಸಿಕ್ಕಿವೆ. ನ್ಯೂ ಮೆಕ್ಸಿಕೊದ ಗ್ರಾಂಟ್ಸ್ ಪ್ರದೇಶದಲ್ಲಿ ಸಸ್ಯಗಳು ಕೊಳೆತು ಬಂದ ಹ್ಯೂಮಿಕ್ ವಸ್ತು ಯುರೇನಿಯಮನ್ನು ಹಿಡಿದಿದೆ. ಮೇಘಾಲಯದ ದೋಮಿಯಾಸಿಯಾತ್‌ನ ಮಹಾದೇಕ್ ಮರಳುಗಲ್ಲಿನಲ್ಲೂ ಇದ್ದಿಲಾದ ಸಸ್ಯಾವಶೇಷವೇ ಅಪಕರ್ಷಕ. ಕರ್ನಾಟಕದ ಕಲಾದಗಿ ಬೇಸಿನ್ನಿನಲ್ಲಿ, ಬೆಳಗಾವಿ ಜಿಲ್ಲೆಯ ದೇಶನೂರಿನ ಬಳಿ ಬಾದಾಮಿ ಶಿಲಾವರ್ಗದ ಮರಳುಗಲ್ಲಿನಲ್ಲಿ ಯುರೇನಿಯಂ ಗುರುತಿಸಲಾಗಿದೆ. ಅದು ತೈಲದ ಬೇಸಿನ್ ಅಲ್ಲ.

ಎಣ್ಣೆಯ ಪಾತ್ರವನ್ನು ಸಾಬೀತು ಮಾಡಲು ಪುರಾವೆ ಬೇಕು. ಖನಿಜ ಬೆಳೆಯುವಾಗ ಒಳಗೆ ಸಿಕ್ಕಿಕೊಂಡ ಎಣ್ಣೆಯ ಹನಿಗಳು ನೇರಳಾತೀತ ಬೆಳಕಿಗೆ ನೀಲಿ, ಹಳದಿಯಾಗಿ ಹೊಳೆಯುತ್ತವೆ. ಇಂಗಾಲದ ಐಸೋಟೋಪುಗಳು ಸುಣ್ಣದ ಅಂಟಿನಲ್ಲಿ ಎಣ್ಣೆಯಿಂದ ಬಂದ ಪಾಲನ್ನು ತೋರಿಸುತ್ತವೆ. ರೀನಿಯಂ-ಆಸ್ಮಿಯಂ ವಿಧಾನದಿಂದ ಬಿಟುಮೆನ್ನಿನ ವಯಸ್ಸು ಅಳೆದು, ಎಣ್ಣೆ ಮೊದಲು ಬಂತೋ ಲೋಹ ಮೊದಲು ಬಂತೋ ತೀರ್ಮಾನಿಸಬಹುದು. ಮಿಷಿಗನ್ ರಾಜ್ಯದ ವೈಟ್ ಪೈನ್ ತಾಮ್ರದ ಗಣಿಯಲ್ಲಿ ನೂರು ಕೋಟಿ ವರ್ಷಕ್ಕೂ ಹಳೆಯ ಕಲ್ಲಿನ ಬಿರುಕುಗಳಿಂದ ಎಣ್ಣೆ ಜಿನುಗುವುದನ್ನು ಗಣಿಗಾರರು ಕಣ್ಣಾರೆ ಕಂಡಿದ್ದರು.

ಹುಡುಕಾಟ ಮತ್ತು ಹೊಣೆ

ಈ ತಿಳಿವಳಿಕೆ ಶೋಧದ ಕ್ರಮವನ್ನೇ ಬದಲಿಸಿದೆ. ಉಪಗ್ರಹ ಚಿತ್ರಗಳಲ್ಲಿ ಬಿಳಿಚಿದ ಪಟ್ಟಿಗಳನ್ನು ಗುರುತಿಸುತ್ತಾರೆ. ತೈಲಬಾವಿಗಳಲ್ಲಿ ಹಿಂದೆ ದಾಖಲಾದ ಗಾಮಾ ಕಿರಣಗಳ ನಕ್ಷೆಗಳನ್ನು ಮತ್ತೆ ತೆರೆದು ಯುರೇನಿಯಂ ಹುಡುಕುತ್ತಾರೆ. ಒಂದು ಲೋಹಕ್ಕಾಗಿ ಹೊಸದಾಗಿ ಕೊರೆಯುವ ಮೊದಲು ಹಳೆಯ ಕೊರೆತಗಳ ದಾಖಲೆ ಓದುವುದು ಖರ್ಚನ್ನೂ ನೆಲದ ಮೇಲಿನ ಗಾಯವನ್ನೂ ಕಡಿಮೆ ಮಾಡುತ್ತದೆ.

ಗಾಯಗಳು ಕಡಿಮೆಯೇನಲ್ಲ. ಕೊಲರಾಡೊ ಪ್ರಸ್ಥಭೂಮಿಯ ನವಾಹೊ ಜನರ ನೆಲದಿಂದ 1944ರಿಂದ 1986ರವರೆಗೆ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ಹೊರಬಂತು. ಗಾಳಿಯಾಡದ ಸುರಂಗಗಳಲ್ಲಿ ದುಡಿದವರಿಗೆ ರೇಡಾನ್ ಅನಿಲದಿಂದ ಶ್ವಾಸಕೋಶದ ಕ್ಯಾನ್ಸರ್ ಬಂತು. ಅಮೆರಿಕದ ಸಂಸತ್ತು ಪರಿಹಾರದ ಕಾನೂನು ಮಾಡಿದ್ದು 1990ರಲ್ಲಿ. ಪಾಳುಬಿದ್ದ 500ಕ್ಕೂ ಹೆಚ್ಚು ಗಣಿಗಳು ಅಲ್ಲಿವೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಕೊಳವೆಬಾವಿಗಳ ಮೂಲಕ ದ್ರಾವಣ ಹಾಯಿಸಿ, ಯುರೇನಿಯಮನ್ನು ನೆಲದೊಳಗೇ ಕರಗಿಸಿ ಮೇಲೆತ್ತುವ ವಿಧಾನ. ಅದರಲ್ಲಿ ಸುರಂಗದ ಅಪಾಯವಿಲ್ಲ. ಅಂತರ್ಜಲವನ್ನು ಮೊದಲಿನಂತೆ ಶುದ್ಧವಾಗಿ ಬಿಡುವ ಹೊಣೆ ಇದೆ. ಎಣ್ಣೆ ಮತ್ತು ಲೋಹ ಹರಿದು ಬಂದ ಸಂದುಗಳಲ್ಲೇ ಕುಡಿಯುವ ನೀರೂ ಹರಿಯುತ್ತದೆ. ಮರಳುಗಲ್ಲಿನಿಂದ ಏನನ್ನು ತೆಗೆಯುವವರೂ ಮೊದಲು ಕಾಯಬೇಕಾದದ್ದು ಆ ನೀರನ್ನು.